ಅನ್ನದ ಮೂಟೆ ಯಾರ ಹೆಗಲ ಮೇಲಿದೆ ಅನ್ನೋದೂ ಲೆಕ್ಕಕ್ಕೆ ಬರುತ್ತೆ

ಮಾನ್ಯ ಸಂಪಾದಕರೇ,

ಯುದ್ಧ ನಡೀತಿರೋ ಕಡೆ ಮಿಲಿಟರಿ ವಿಮಾನದಿಂದ ಪ್ಯಾರಾಚೂಟ್ ಕಟ್ಟಿ ಆಹಾರದ ಪೆಟ್ಟಿಗೆ ಇಳಿಸೋ ಫೋಟೋಗಳು ಪೇಪರಲ್ಲಿ ಆಗಾಗ ಬರ್ತಾನೇ ಇರ್ತವೆ, ದೊಡ್ಡದಾಗೇ ಬರ್ತವೆ, ಮೇಲೆ ಆಕಾಶದ ತುಂಬ ಛತ್ರಿಗಳು, ಕೆಳಗೆ ಓಡ್ತಿರೋ ಜನ. ನಾನೂ ಮೊದಮೊದಲು ಅಬ್ಬ ಎಂಥ ಒಳ್ಳೆ ಕೆಲಸ ಅನ್ಕೊಂಡು ವಾಟ್ಸಾಪಲ್ಲಿ ಫಾರ್ವರ್ಡ್ ಮಾಡಿದವನೇ. ಈಗ ಅಂಥ ಫೋಟೋ ನೋಡಿದ್ರೆ ಹೊಟ್ಟೆ ತೊಳಸಿದ ಹಾಗಾಗುತ್ತೆ. ಯಾಕೆ ಅಂತ ಹೇಳೋಕೇ ಈ ಪತ್ರ, ಸ್ವಲ್ಪ ಉದ್ದ ಆಗುತ್ತೆ, ಕತ್ತರಿ ಹಾಕ್ಲೇಬೇಕು ಅಂದ್ರೆ ಹಾಕಿ, ಕೊನೇ ಪ್ಯಾರಾ ಒಂದನ್ನ ಉಳಿಸಿ.

2001ರ ಅಕ್ಟೋಬರ್ 7ಕ್ಕೆ ಅಮೆರಿಕ ಅಫ್ಘಾನಿಸ್ತಾನದ ಮೇಲೆ ಬಾಂಬ್ ಹಾಕೋಕೆ ಶುರು ಮಾಡ್ತಲ್ಲ, ಅದೇ ರಾತ್ರಿ ಬೇರೆ ವಿಮಾನಗಳು ಸುಮಾರು 37,000 ಊಟದ ಪ್ಯಾಕೆಟ್ಟೂ ಉದುರಿಸಿದ್ವು. ಒಂದೊಂದು ಪ್ಯಾಕೆಟ್ಟಲ್ಲಿ ಒಬ್ಬರಿಗೆ ಒಂದು ದಿನಕ್ಕಾಗೋ ಊಟ, ಸುಮಾರು 2,200 ಕ್ಯಾಲೊರಿ, ಬೀನ್ಸು, ಅನ್ನ, ಕಡಲೆಕಾಯಿ ಬೆಣ್ಣೆ ಈ ಥರ, ಯಾವ ಧರ್ಮದವರಿಗೂ ತೊಂದ್ರೆ ಆಗ್ಬಾರ್ದು ಅಂತ ಮಾಂಸ ಇಲ್ಲ, ಅಷ್ಟು ಯೋಚ್ನೆ ಮಾಡಿದ್ರು ನೋಡಿ. ಆದ್ರೆ ಪ್ಲಾಸ್ಟಿಕ್ ಕವರಿನ ಬಣ್ಣ ಮಾತ್ರ ಅಚ್ಚ ಹಳದಿ. ಅದೇ ಸಮಯಕ್ಕೆ ಅದೇ ದೇಶದ ವಿಮಾನಗಳು ಕ್ಲಸ್ಟರ್ ಬಾಂಬೂ ಹಾಕ್ತಿದ್ವು, ಒಂದೊಂದರ ಹೊಟ್ಟೇಲಿ 202 ಮರಿಬಾಂಬು, ಕೂಲ್‌ಡ್ರಿಂಕ್ಸ್ ಕ್ಯಾನಿನ ಗಾತ್ರ, ಅದರ ಬಣ್ಣವೂ ಹಳದಿ! ಸಿಡೀದೆ ಉಳಿದ ಮರಿಬಾಂಬು ಹೊಲದಲ್ಲಿ ಬಿದ್ದಿರುತ್ತೆ, ಪಕ್ಕದ ಹೊಲದಲ್ಲಿ ಊಟದ ಪ್ಯಾಕೆಟ್ ಬಿದ್ದಿರುತ್ತೆ, ಹಸಿದ ಮಗು ಯಾವುದಕ್ಕೆ ಕೈ ಹಾಕ್ಬೇಕು ಹೇಳಿ? ಆಮೇಲೆ ರೇಡಿಯೋದಲ್ಲಿ ಚೌಕಾಕಾರ ಇದ್ರೆ ಊಟ, ಡಬ್ಬಿ ಆಕಾರ ಇದ್ರೆ ಬಾಂಬು ಹುಷಾರು ಅನ್ನೋ ಅರ್ಥದಲ್ಲಿ ಹೇಳಿಸಿದ್ರು, ನವೆಂಬರ್ ಹೊತ್ತಿಗೆ ಪ್ಯಾಕೆಟ್ ಬಣ್ಣ ಬದಲಾಯಿಸ್ತೀವಿ ಅಂದ್ರು. ಮಗು ಚಿವುಟಿ ತೊಟ್ಟಿಲು ತೂಗೋದು ಅಂತ ನಮ್ಮಲ್ಲಿ ಮಾತಿದೆಯಲ್ಲ, ಅದಕ್ಕೆ ಇದಕ್ಕಿಂತ ಸರಿಯಾದ ಚಿತ್ರ ನಂಗಂತೂ ಗೊತ್ತಿಲ್ಲ.

ಬಣ್ಣ ಏನೋ ಬದಲಾಯಿಸಬಹುದು. ಜನರ ತಲೇಲಿ ಕಲಸುಮೇಲೋಗರ ಆಗಿದ್ದನ್ನ ಹೆಂಗೆ ಬದಲಾಯಿಸ್ತೀರಿ? ಅದೇ ಅಕ್ಟೋಬರಲ್ಲಿ ಅಮೆರಿಕದ ವಿದೇಶಾಂಗ ಸಚಿವ ಕಾಲಿನ್ ಪವೆಲ್ ಸೇವಾಸಂಸ್ಥೆಗಳನ್ನ ಕೂರಿಸ್ಕೊಂಡು ನೀವು ನಮ್ಮ ಬಲ ಹೆಚ್ಚಿಸೋರು, ನಮ್ಮ ಹೋರಾಟದ ಟೀಮಿನ ಮುಖ್ಯ ಭಾಗ ಅನ್ನೋ ಮಾತಾಡಿದ್ರು. ಹೊಗಳಿಕೆ ಅಂತಲೇ ಹೇಳಿದ್ದು, ಆದ್ರೆ ಬರಿಗೈಲಿ ಹಳ್ಳಿ ಹಳ್ಳಿ ಸುತ್ತೋ ನರ್ಸಿಗೆ ಅದು ಹೊಗಳಿಕೆ ಅಲ್ಲ, ಬೆನ್ನಿಗೆ ಅಂಟಿಸಿದ ಗುರಿಹಲಗೆ. ಆಮೇಲೆ ಸೈನಿಕರೇ ಶಾಲೆ ಕಟ್ಟೋದು, ಬಾವಿ ತೋಡೋದು ಶುರುವಾಯ್ತು, ಪ್ರಾಂತೀಯ ಪುನರ್ನಿರ್ಮಾಣ ತಂಡ ಅಂತ ಹೆಸರು. 2004ರಲ್ಲಿ ದಕ್ಷಿಣ ಅಫ್ಘಾನಿಸ್ತಾನದಲ್ಲಿ ಒಂದು ಕರಪತ್ರ ಹಂಚಿದ್ರು, ಗೋಧಿ ಚೀಲ ಹೊತ್ತಿರೋ ಹುಡುಗಿ ಚಿತ್ರ, ನೆರವು ಹೀಗೇ ಬರ್ತಿರ್ಬೇಕು ಅಂದ್ರೆ ತಾಲಿಬಾನ್, ಅಲ್ ಖೈದಾ ಬಗ್ಗೆ ಮಾಹಿತಿ ಕೊಡಿ ಅಂತ. ಅಂದ್ರೆ ಗೋಧಿಗೆ ರೇಟ್ ಫಿಕ್ಸ್ ಆಯ್ತು, ಪಕ್ಕದ ಮನೆಯವನ ಹೆಸರು. ಅದೇ ವರ್ಷ ಜೂನ್ 2ಕ್ಕೆ ಬದ್ಗೀಸ್ ಪ್ರಾಂತ್ಯದಲ್ಲಿ ಗಡಿರಹಿತ ವೈದ್ಯರು ಸಂಸ್ಥೆಯ (ಎಂಎಸ್‌ಎಫ್) ಐದು ಜನರನ್ನ ಗುಂಡಿಟ್ಟು ಕೊಂದ್ರು, ಇವರು ಅಮೆರಿಕದ ಹಿತಕ್ಕೆ ಕೆಲಸ ಮಾಡೋರು ಅಂತ ತಾಲಿಬಾನ್ ಕಡೆಯವರು ಹೇಳ್ಕೊಂಡ್ರು. ಸೋವಿಯತ್ ಕಾಲದಿಂದ 24 ವರ್ಷ ಅಲ್ಲೇ ಇದ್ದ ಸಂಸ್ಥೆ ಗಂಟುಮೂಟೆ ಕಟ್ಕೊಂಡು ಹೊರಟೋಯ್ತು.

ಕೊಂದವರು ತಾಲಿಬಾನಿಗಳು, ಪಾಪ ಅವರದ್ದೇ, ಅದರಲ್ಲಿ ಎರಡು ಮಾತಿಲ್ಲ. ನಾನು ಹೇಳ್ತಿರೋದು ಅಂಥವರ ಕೈಗೆ ನೆಪ ಕೊಟ್ಟವರು ಯಾರು ಅಂತ.

ಎಂಎಸ್‌ಎಫ್ 2009ರಲ್ಲಿ ವಾಪಸ್ ಬಂತು. ಕುಂದುಜ್‌ನಲ್ಲಿ ಅವರ ಆಸ್ಪತ್ರೆಗೆ ಒಂದೇ ರೂಲು, ಗೇಟಲ್ಲಿ ಬಂದೂಕು ಬಿಟ್ಟು ಒಳಗೆ ಬರ್ಬೇಕು, ಸರ್ಕಾರದ ಸೈನಿಕ ಆಗ್ಲಿ ತಾಲಿಬಾನಿ ಆಗ್ಲಿ. ಗಾಯ ಆದವನು ಗಾಯ ಆದವನು ಅಷ್ಟೇ. ಕಟ್ಟಡ ಎಲ್ಲಿದೆ ಅನ್ನೋ ಜಿಪಿಎಸ್ ಲೆಕ್ಕವನ್ನ ಎಲ್ಲಾ ಕಡೆಯವರಿಗೂ ಮೊದಲೇ ಕೊಟ್ಟಿದ್ರು. ಆದ್ರೂ 2015ರ ಅಕ್ಟೋಬರ್ 3ರ ರಾತ್ರಿ ಅಮೆರಿಕದ ಎಸಿ-130 ಗನ್‌ಶಿಪ್ ವಿಮಾನ ಆ ಆಸ್ಪತ್ರೆ ಮೇಲೆ ಸುತ್ತಿ ಸುತ್ತಿ ಹೊಡೀತು, ಒಳಗಿಂದ ಫೋನ್ ಮೇಲೆ ಫೋನ್ ಹೋದ್ರೂ ನಿಲ್ಲಿಲ್ಲ, 42 ಜನ ಸತ್ರು, ಕೆಲವು ರೋಗಿಗಳು ಹಾಸಿಗೇಲೇ ಬೆಂದುಹೋದ್ರು. ಬೇಕಂತ ಮಾಡಿದ್ದಲ್ಲ, ತಪ್ಪಾಯ್ತು ಅಂದ್ರು, 16 ಜನರ ಮೇಲೆ ಇಲಾಖಾ ಮಟ್ಟದ ಕ್ರಮ, ಕ್ರಿಮಿನಲ್ ಕೇಸ್ ಇಲ್ಲ.

ಪೋಲಿಯೋ ವಿಷ್ಯ ಇನ್ನೂ ಬೇಜಾರು. ಬಿನ್ ಲಾಡೆನ್ ಪಾಕಿಸ್ತಾನದ ಅಬೊಟ್ಟಾಬಾದಲ್ಲಿದ್ದಾನಾ ಅಂತ ಪತ್ತೆ ಹಚ್ಚೋಕೆ ಸಿಐಎ ಅಲ್ಲೊಬ್ಬ ಡಾಕ್ಟರ್ ಕೈಲಿ ಹೆಪಟೈಟಿಸ್ ಲಸಿಕೆ ಕಾರ್ಯಕ್ರಮ ನಡೆಸಿತ್ತು ಅನ್ನೋದು 2011ರಲ್ಲಿ ಬಯಲಾಯ್ತು. 2012ರ ಡಿಸೆಂಬರಲ್ಲಿ ಕರಾಚಿ, ಪೇಶಾವರ ಕಡೆ ಮನೆ ಮನೆಗೆ ಪೋಲಿಯೋ ಹನಿ ಹಾಕೋಕೆ ಹೋದವರನ್ನ ಸಾಲಾಗಿ ಗುಂಡಿಟ್ಟು ಕೊಂದ್ರು, ಹೆಚ್ಚಿನವರು ಹೆಣ್ಮಕ್ಕಳು. ಲಸಿಕೆ ಬಗ್ಗೆ ಅಲ್ಲಿ ಅನುಮಾನ ಮೊದಲೂ ಇತ್ತು, ಇದೊಂದೇ ಕಾರಣ ಅಂತ ನಾನು ಹೇಳಲ್ಲ, ಆದ್ರೆ ಆ ಅನುಮಾನಕ್ಕೆ ಸಾಕ್ಷಿ ಒದಗಿಸಿಕೊಟ್ಟಿದ್ದು ಯಾರು? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ. ಲಸಿಕೆ ಕಾರ್ಯಕ್ರಮವನ್ನ ಇನ್ಮೇಲೆ ಗೂಢಚಾರಿಕೆಗೆ ಬಳಸಲ್ಲ ಅಂತ 2014ರಲ್ಲಿ ವೈಟ್ ಹೌಸ್ ಮಾತು ಕೊಡ್ತು, ಬರೆ ಬಿದ್ದಮೇಲೆ.

ಹಾಗಂತ ಯೂನಿಫಾರ್ಮ್ ಕಂಡ್ರೆ ಆಗಲ್ಲ ಅನ್ನೋನು ನಾನಲ್ಲ. ಭೂಕಂಪ ಆದಾಗ ಹೆಲಿಕಾಪ್ಟರ್, ಸೇತುವೆ, ಆಪರೇಷನ್ ಥಿಯೇಟರ್ ಎಲ್ಲಾ ಇರೋದು ಸೈನ್ಯದ ಹತ್ರವೇ. 2023ರಲ್ಲಿ ಟರ್ಕಿಗೆ ಹೋಗಿ ಫೀಲ್ಡ್ ಆಸ್ಪತ್ರೆ ತೆರೆದದ್ದು ನಮ್ಮ ಸೇನೆಯ 60ನೇ ಪ್ಯಾರಾ ಘಟಕ, 1950ರಲ್ಲಿ ಕೊರಿಯಾ ಯುದ್ಧಕ್ಕೆ ನೆಹರೂ ಸರ್ಕಾರ ಕಾದಾಡೋ ಪಡೆ ಕಳಿಸದೆ ಡಾಕ್ಟರುಗಳ ಘಟಕ ಕಳಿಸ್ತಲ್ಲ, ಅದೂ ಇದೇ. ಹೆಮ್ಮೆ ಪಡೋ ವಿಷ್ಯ. ಸೊಮಾಲಿಯಾದಲ್ಲಿ 1992ರ ಹೊತ್ತಿಗೆ ಬಂದೂಕಿನ ಕಾವಲಿಲ್ದೆ ಒಂದು ಲಾರಿ ಅಕ್ಕೀನೂ ಬಂದರಿನಿಂದ ಆಚೆ ಹೋಗೋ ಹಾಗಿರ್ಲಿಲ್ಲ, ರೆಡ್ ಕ್ರಾಸ್‌ನಂಥ ರೆಡ್ ಕ್ರಾಸೇ ಬಂದೂಕಿನವರನ್ನ ಬಾಡಿಗೆಗೆ ಇಟ್ಕೋಬೇಕಾಯ್ತು. ಡಿಸೆಂಬರಲ್ಲಿ ಅಮೆರಿಕದ ಸೈನಿಕರು ರಾತ್ರೋರಾತ್ರಿ ಮೊಗದಿಶು ಬೀಚಲ್ಲಿ ಇಳಿದ್ರೆ ಎದುರಿಗೆ ಟಿವಿ ಕ್ಯಾಮೆರಾದವರು ಲೈಟ್ ಹಾಕ್ಕೊಂಡು ಕಾಯ್ತಿದ್ರಂತೆ. ಶುರುವಲ್ಲಿ ದಾರಿ ತೆರೀತು, ಅನ್ನ ಹೋಯ್ತು, ನಿಜ. ಆಮೇಲೆ ಅಲ್ಲಿನ ಒಂದು ಬಣದ ಸೇನಾನಾಯಕನನ್ನ ಹಿಡೀಬೇಕು ಅಂತ ಹೊರಟ್ರು, 1993ರ ಜೂನಲ್ಲಿ ವಿಶ್ವಸಂಸ್ಥೆ ಪಡೆಯ 24 ಪಾಕಿಸ್ತಾನಿ ಸೈನಿಕರು ಸತ್ತಿದ್ರು, ಅಕ್ಟೋಬರಲ್ಲಿ 18 ಅಮೆರಿಕನ್ನರು, ಜೊತೆಗೆ ಲೆಕ್ಕ ಇಡದಷ್ಟು ಸೊಮಾಲಿಗಳು. ಅಕ್ಕಿ ಲಾರಿ ಕಾಯೋಕೆ ಬಂದವರು ಯಾವತ್ತು ಯುದ್ಧದ ಒಂದು ಪಾರ್ಟಿ ಆದ್ರೋ ಅವತ್ತಿಗೇ ಆ ಕಥೆ ಮುಗೀತು.

ನಾವೂ ಇದನ್ನ ಮಾಡಿದೀವಿ, ಮರೀಬಾರ್ದು. 1987ರ ಜೂನ್ 3ಕ್ಕೆ ಜಾಫ್ನಾಗೆ ದೋಣಿಗಳಲ್ಲಿ ಕಳಿಸಿದ ಸಾಮಾನನ್ನ ಲಂಕಾ ನೌಕಾಪಡೆ ವಾಪಸ್ ಕಳಿಸ್ತು, ಮಾರನೇ ದಿನ ನಮ್ಮ ಐದು ಎಎನ್-32 ವಿಮಾನ ಹೋಗಿ 25 ಟನ್ ಉದುರಿಸಿ ಬಂದ್ವು, ಜೊತೆಗೆ ಕಾವಲಿಗೆ ಮಿರಾಜ್ ಫೈಟರ್ ಜೆಟ್‌ಗಳು. ಆಪರೇಷನ್ ಪೂಮಾಲೈ, ಅಂದ್ರೆ ಹೂಮಾಲೆ, ಹೆಸರು ಎಷ್ಟು ಚೆಂದ. 25 ಟನ್ ಅಂದ್ರೆ ಎರಡು ಮೂರು ಲಾರಿ ಲೋಡು. ಇಡೀ ಜಾಫ್ನಾದ ಹೊಟ್ಟೆ ಅದರಿಂದ ತುಂಬಲ್ಲ ಅಂತ ಕಳಿಸಿದವರಿಗೂ ಗೊತ್ತಿತ್ತು, ಅದು ಕೊಲಂಬೋಗೆ ಬರೆದ ಕಾಗದ, ಅಕ್ಕಿ ಬರೀ ಲಕೋಟೆ. ಎರಡು ತಿಂಗಳೊಳಗೆ ಶಾಂತಿಪಾಲನಾ ಪಡೆ ಅಂತ ಸೈನ್ಯ ಹೋಯ್ತು, ಅಕ್ಟೋಬರಿಗೆ ಎಲ್‌ಟಿಟಿಇ ಜೊತೆ ಯುದ್ಧವೇ ಶುರು, 1990ರಲ್ಲಿ ವಾಪಸ್ ಬರೋ ಹೊತ್ತಿಗೆ ನಮ್ಮ ಸುಮಾರು 1,200 ಸೈನಿಕರು ಹೋಗಿದ್ರು.

ಈಗ ಗಾಜಾಗೆ ಬನ್ನಿ. 2024ರ ಮಾರ್ಚಲ್ಲಿ ಆಕಾಶದಿಂದ ಇಳಿಸಿದ ಪೆಟ್ಟಿಗೆಯ ಪ್ಯಾರಾಚೂಟ್ ಬಿಚ್ಚಿಕೊಳ್ದೆ ಅದು ಮೇಲೆ ಬಿದ್ದು ಐದು ಜನ ಸತ್ರು. ಆಮೇಲೆ ಅಮೆರಿಕ ಸೈನ್ಯ ಸಮುದ್ರದಲ್ಲಿ ತೇಲೋ ಧಕ್ಕೆ ಕಟ್ತು, ಅಂದಾಜು 23 ಕೋಟಿ ಡಾಲರ್ ಖರ್ಚು, ಅಲೆ ಹೊಡೆತಕ್ಕೆ ಕಿತ್ತು ಕಿತ್ತು ಬಂದು ಕೆಲಸ ಮಾಡಿದ್ದು ಹೆಚ್ಚುಕಮ್ಮಿ 20 ದಿನ, ಜುಲೈಗೆ ಬಿಚ್ಚಿ ಹಾಕಿದ್ರು. ಅದೇ ವರ್ಷ ಏಪ್ರಿಲ್ 1ಕ್ಕೆ ವರ್ಲ್ಡ್ ಸೆಂಟ್ರಲ್ ಕಿಚನ್ ಅನ್ನೋ ಊಟ ಹಂಚೋ ಸಂಸ್ಥೆಯ ಏಳು ಜನ, ಕಾರಿನ ಮೇಲೆ ದೊಡ್ಡದಾಗಿ ಗುರುತು ಹಾಕ್ಕೊಂಡು, ಎಲ್ಲಿಂದ ಎಲ್ಲಿಗೆ ಹೋಗ್ತೀವಿ ಅಂತ ಇಸ್ರೇಲ್ ಸೈನ್ಯಕ್ಕೆ ಮೊದಲೇ ತಿಳಿಸಿ ಹೋಗ್ತಿದ್ದವರು, ಅದೇ ಸೈನ್ಯದ ಡ್ರೋನ್ ದಾಳಿಗೆ ಸತ್ರು. ಇಷ್ಟೆಲ್ಲಾ ನಡೀವಾಗ ಗಡಿ ಆಚೆ ಈಜಿಪ್ಟ್ ಕಡೆ ರಸ್ತೇಲಿ ಲಾರಿಗಳು ಲೋಡ್ ಸಮೇತ ಸಾಲಾಗಿ ನಿಂತಿದ್ವು. ಒಂದು ದೊಡ್ಡ ಮಿಲಿಟರಿ ವಿಮಾನ ಹೊತ್ತೊಯ್ಯೋದು ಹೆಚ್ಚಂದ್ರೆ ಒಂದೆರಡು ಲಾರಿ ಲೋಡು, ಖರ್ಚು ಹತ್ತಾರು ಪಟ್ಟು ಇರ್ಬಹುದು ಅನ್ನೋದು ಬಿಡಿ, ಕೆಳಗೆ ಬಿದ್ದಮೇಲೆ ಗಟ್ಟಿಮುಟ್ಟಾದವನು ಓಡಿಹೋಗಿ ಎತ್ಕೋತಾನೆ, ಮುದುಕಿಗೆ, ಬಾಣಂತಿಗೆ, ಕಾಲು ಕಳ್ಕೊಂಡವನಿಗೆ ಏನು ಸಿಗುತ್ತೆ? ಹಂಚೋಕೆ ಮನುಷ್ಯರು ಬೇಕು, ರಿಜಿಸ್ಟರ್ ಬೇಕು, ಆ ಬೀದಿ ಯಾರ್ಯಾರದ್ದು ಅಂತ ಗೊತ್ತಿರೋರು ಬೇಕು. ಪ್ಯಾರಾಚೂಟಿಗೆ ಅದೆಲ್ಲಾ ಗೊತ್ತಾಗುತ್ತಾ? ವಿಪತ್ತಿನಲ್ಲಿ ಬೇರೆ ದೇಶದ ಸೈನ್ಯದ ನೆರವು ಅನ್ನೋದು ಬೇರೆ ಯಾವ ದಾರೀನೂ ಇಲ್ದಿದ್ದಾಗ ಮಾತ್ರ ಅಂತ 1994ರಲ್ಲೇ ಓಸ್ಲೋ ಮಾರ್ಗಸೂಚಿ ಬಂದಿದೆ, ಯುದ್ಧದ ಕಡೆ ಅಂತೂ ಇನ್ನೂ ಬಿಗಿ. ಇಲ್ಲಿ ದಾರಿ ಇತ್ತು ಸ್ವಾಮಿ, ಟಾರ್ ರೋಡೇ ಇತ್ತು, ಗೇಟ್ ಹಾಕಿತ್ತು ಅಷ್ಟೇ.

ಅದಕ್ಕೇ ಸಂಪಾದಕರೇ, ಒಂದು ರಿಕ್ವೆಸ್ಟು. ಮುಂದಿನ ಸಲ ಎಲ್ಲಿಂದಾದ್ರೂ ಅಂಥ ಛತ್ರಿ ಫೋಟೋ ಬಂದ್ರೆ ಹಾಕಿ, ಬೇಡ ಅನ್ನಲ್ಲ, ಆದ್ರೆ ಕೆಳಗೆ ಎರಡೇ ಎರಡು ಸಾಲು ಸೇರಿಸಿ. ಅಲ್ಲಿಗೆ ಹೋಗೋ ರಸ್ತೆ ಯಾವುದು, ಅದನ್ನ ಮುಚ್ಚಿರೋದು ಯಾರು. ಆ ವಿಮಾನ ಕಳಿಸಿದ ದೇಶವೇ ಮುಚ್ಚಿದವರಿಗೆ ಬಾಂಬೂ ಕೊಡ್ತಿದ್ರೆ, ಜಾಗ ಇದ್ರೆ, ಅದನ್ನೂ.

ಇಂತಿ,
ನಿಮ್ಮ ಹಳೇ ಓದುಗ