ಆನೆಗೆ ಹುಬ್ಬಿಲ್ಲ: ಗೆಳೆಯನಿಗೊಂದು ಪತ್ರ

ಸಿದ್ದಾಪುರದ ಹತ್ತಿರ, ಕೊಡಗು
ಕಕ್ಕಡದ ಮಳೆ

ಪ್ರೀತಿಯ ಗೆಳೆಯಾ,

ಮೊನ್ನೆ ರಾತ್ರಿ ನೀನು ಫೋನ್ ಮಾಡಿದಾಗ ಇಲ್ಲಿ ಕರೆಂಟ್ ಹೋಗಿ ಎರಡು ದಿನ ಆಗಿತ್ತು. ಲೈನಿನ ಮೇಲೆ ಸಿಲ್ವರ್ ಮರ ಬಿದ್ದಿತ್ತು. ಸಿಗ್ನಲ್ ಸಿಗಲೆಂದು ಕಣದ ಮೂಲೆಯಲ್ಲಿ ಕೊಡೆ ಹಿಡಿದು ನಿಂತಿದ್ದೆ. ನಿನ್ನ ಮಾತು ಅರ್ಧಕ್ಕರ್ಧ ಮಳೆ ಸದ್ದಿನಲ್ಲೇ ಹೋಯಿತು. ಹಳೆಯ ಕಾರ್ಟೂನ್ ಸಿನಿಮಾವೊಂದನ್ನು ನಿಜವಾದ ನಟರನ್ನೂ ನಿಜದಂತೆ ಕಾಣುವ ಪ್ರಾಣಿಗಳನ್ನೂ ಇಟ್ಟು ಮತ್ತೆ ತೆಗೆಯುತ್ತಿರುವ ತಂಡದಿಂದ, ಕಂಪ್ಯೂಟರಿನಲ್ಲಿ ಪ್ರಾಣಿಗಳಿಗೆ ಜೀವ ಕೊಡುವ ಚಿತ್ರಗಾರ ನಿನಗೆ ಕರೆ ಬಂದಿದೆ, ಹೂಂ ಅನ್ನಲೋ ಬೇಡವೋ ತಿಳಿಯುತ್ತಿಲ್ಲ ಅಂದದ್ದು ಮಾತ್ರ ಸರಿಯಾಗಿ ಕೇಳಿಸಿತು. ‘ದುಡ್ಡು ಬರುತ್ತೆ ಅಂತಾರೆ ಕಣೋ, ಆದ್ರೆ ಮಾಡೋದಕ್ಕೆ ಅರ್ಥ ಇದೆಯಾ?’ ಅಂತ ಕೇಳಿದೆ. ನಾನು ಬಾಯಿ ತೆರೆಯುವಷ್ಟರಲ್ಲಿ ಲೈನ್ ಕಟ್ಟಾಯಿತು.

ಅದಕ್ಕೇ ಈ ಪತ್ರ. ಇದನ್ನು ಎಲ್ಲರೂ ಓದುವಂತೆ ಹಾಕು ಅಂದವನೂ ನೀನೇ, ನಿನ್ನ ಜೊತೆ ಕೆಲಸ ಮಾಡುವ ಹುಡುಗರಿಗೂ ಇದೇ ಗೊಂದಲ ಇದೆಯೆಂದು.

ಮೊದಲು ದುಡ್ಡಿನ ಮಾತು ಮುಗಿಸುತ್ತೇನೆ. ದುಡ್ಡು ಬರುವುದೇನೋ ನಿಜ. ಡಿಸ್ನಿ ಕಂಪನಿ ಹೀಗೇ ಮತ್ತೆ ತೆಗೆದ 2019ರ ‘ದ ಲಯನ್ ಕಿಂಗ್’ ಜಗತ್ತಿನಾದ್ಯಂತ ಸುಮಾರು 165 ಕೋಟಿ ಡಾಲರ್ ತಂದಿತು, ಖರ್ಚಾದದ್ದು 26 ಕೋಟಿಯ ಆಸುಪಾಸು. 2017ರ ‘ಬ್ಯೂಟಿ ಆ್ಯಂಡ್ ದ ಬೀಸ್ಟ್’ 126 ಕೋಟಿ ಡಾಲರ್, 2019ರ ‘ಅಲ್ಲಾದೀನ್’ 105 ಕೋಟಿ. ಆದರೆ ನಾವು ಕಾಫಿ ಬೆಳೆಗಾರರು ಇಂಥ ಲೆಕ್ಕ ಕೇಳಿ ಕೂಡಲೇ ಹಿಗ್ಗುವವರಲ್ಲ. ಕೊಯ್ದ ಹಣ್ಣನ್ನು ತೂಗಿದ ಲೆಕ್ಕ ಬೇರೆ, ಅದು ಕಣದಲ್ಲಿ ಒಣಗಿ ಮೂಟೆ ಸೇರಿದ ಮೇಲಿನ ಲೆಕ್ಕ ಬೇರೆ. ಟಿಕೆಟ್ ದುಡ್ಡಿನಲ್ಲಿ ಹೆಚ್ಚುಕಡಿಮೆ ಅರ್ಧ ಥಿಯೇಟರಿನವರ ಪಾಲು. ಪ್ರಚಾರಕ್ಕೆ ಸುರಿದದ್ದು ಬಜೆಟ್ಟಿನ ಅಂಕಿಯಲ್ಲಿ ಕಾಣುವುದೇ ಇಲ್ಲ. ಹಾಗಾಗಿ ಬಜೆಟ್ಟಿನ ಎರಡೂವರೆ ಪಟ್ಟು ಬಂದರೆ ಅಸಲು ಹುಟ್ಟಿತು ಅನ್ನುವ ಕೈಲೆಕ್ಕ ಆ ರಂಗದಲ್ಲಿದೆಯಲ್ಲ, ಆ ತಕ್ಕಡಿಯಲ್ಲಿಟ್ಟರೆ 17 ಕೋಟಿ ಹಾಕಿ 35 ಕೋಟಿ ತಂದ 2019ರ ‘ಡಂಬೊ’ಗೆ ನಷ್ಟ. 2025ರ ಮಾರ್ಚಿನಲ್ಲಿ ಬಂದ ‘ಸ್ನೋ ವೈಟ್’ಗಂತೂ 25 ಕೋಟಿಗೂ ಮೀರಿ ಖರ್ಚು, ಬಂದದ್ದು 20 ಕೋಟಿ ಚಿಲ್ಲರೆ. ಎರಡು ತಿಂಗಳು ಕಳೆದು ಅದೇ ಕಂಪನಿಯ ‘ಲಿಲೋ ಆ್ಯಂಡ್ ಸ್ಟಿಚ್’ ಬಂತು. ಮೊದಲು ಓಟಿಟಿಗೆಂದು ಹೊರಟಿದ್ದ ಸಿನಿಮಾ ಅದು. 10 ಕೋಟಿ ಡಾಲರ್ ಖರ್ಚಿಗೆ 100 ಕೋಟಿ ದಾಟಿತು.

ಒಂದೇ ಮನೆಯ ಮಕ್ಕಳು, ಒಂದೇ ವರ್ಷ, ಇಷ್ಟು ವ್ಯತ್ಯಾಸ. ಹಳೆಯ ಹೆಸರೊಂದಿದ್ದರೆ ಸಾಕು, ಜನ ತಾವಾಗಿ ಬರುತ್ತಾರೆ ಅನ್ನುವ ಲೆಕ್ಕಾಚಾರ ಪೂರ್ತಿ ಸರಿಯಲ್ಲ ಅನ್ನುವುದು ಇಷ್ಟರಿಂದಲೇ ಗೊತ್ತಾಗುತ್ತದೆ.

ನಮ್ಮ ಕಡೆಯ ಸಂಗತಿ ಇನ್ನೂ ವಿಚಿತ್ರ. ‘ದ ಜಂಗಲ್ ಬುಕ್’ ನೆನಪಿದೆಯಲ್ಲ? 2016ರ ಏಪ್ರಿಲ್ 8ರಂದು, ಅಮೆರಿಕಕ್ಕಿಂತ ಒಂದು ವಾರ ಮುಂಚೆ, ನಮ್ಮ ದೇಶದಲ್ಲಿ ಬಿಡುಗಡೆಯಾಗಿ ಭಾರೀ ಹಣ ಮಾಡಿತು. ಡಿಸ್ನಿಯವರು ಮತ್ತೆ ತೆಗೆದದ್ದು ತಮ್ಮ 1967ರ ಕಾರ್ಟೂನನ್ನು. ಆದರೆ ನೀನಾಗಲಿ ನಾನಾಗಲಿ ಚಿಕ್ಕಂದಿನಲ್ಲಿ ಆ 1967ರದ್ದನ್ನು ನೋಡಿದ್ದೆವಾ? ಭಾನುವಾರ ಬೆಳಿಗ್ಗೆ ಎಸ್ಟೇಟ್ ರೈಟರ್ ಮನೆಯ ಜಗಲಿಯಲ್ಲಿ ಕೂತು, ಆ್ಯಂಟೆನಾ ತಿರುಗಿಸಲು ಒಬ್ಬನನ್ನು ಮಾಡಿನ ಮೇಲೆ ಹತ್ತಿಸಿ, ನಾವು ನೋಡಿದ ಮೋಗ್ಲಿ ಜಪಾನಿನವರು ಬರೆದ ಮೋಗ್ಲಿ. ದೂರದರ್ಶನ ಅದನ್ನು ಹಿಂದಿಗೆ ಡಬ್ ಮಾಡಿಸಿತ್ತು, ಗುಲ್ಜಾರ್ ಹಾಡು ಬರೆದಿದ್ದರು, ಶೇರ್ ಖಾನನಿಗೆ ನಾನಾ ಪಾಟೇಕರ್ ದನಿ. 2016ರಲ್ಲಿ ಹಿಂದಿ ಅವತರಣಿಕೆಗೆ ಮತ್ತೆ ನಾನಾ ಪಾಟೇಕರರನ್ನೇ ಕರೆಸಿದರು, ಪ್ರಚಾರಕ್ಕೆ ಆ ಹಳೆಯ ಹಾಡನ್ನೇ ಹೊಸದಾಗಿ ಹಾಡಿಸಿದರು. ಜಪಾನಿನವರ ಗೆರೆ ಮತ್ತು ದೂರದರ್ಶನದ ಹಾಡು ಸೇರಿ ನಮ್ಮೊಳಗೆ ಬಿಟ್ಟುಹೋದ ನೆನಪು, ಇಪ್ಪತ್ತು ವರ್ಷ ಕಳೆದು ಮೂರನೆಯವರಿಗೆ ಬೆಳೆ ಕೊಟ್ಟಿತು. ನನಗೆ ಇದರಲ್ಲಿ ಸಿಟ್ಟಿಲ್ಲ. ನಾನೂ ಹೋಗಿ ಟಿಕೆಟ್ ಕೊಂಡವನೇ.

ಐದು ವರ್ಷದ ಮಗಳನ್ನು ಕರೆದುಕೊಂಡು ಮೈಸೂರಿಗೇ ಹೋಗಿದ್ದೆ. ಹಿಂದಿ, ತಮಿಳು, ತೆಲುಗಿನಲ್ಲೆಲ್ಲ ಬಂತು, ಕನ್ನಡದಲ್ಲಿ ಬರಲಿಲ್ಲ. ಹಾಗಾಗಿ ಅವಳ ಕಿವಿಯಲ್ಲಿ ಕಥೆ ಹೇಳುತ್ತಲೇ ಕೂತಿದ್ದೆ. ಆನೆಗಳು ಬಂದವು ನೋಡು, ಆಗ ನನ್ನ ಮಾತು ನಿಂತಿತು. 1967ರದ್ದನ್ನು ನಾನು ಆಮೇಲೆ ನೋಡಿದೆ. ಅದರಲ್ಲಿ ಆನೆಗಳು ಮಿಲಿಟರಿಯವರ ಥರ ಕವಾಯತು ಮಾಡುತ್ತವೆ, ಮುಂದಿರುವವನು ಕರ್ನಲ್, ಎಲ್ಲವೂ ನಗಿಸಲೆಂದೇ. ಹೊಸದರಲ್ಲಿ ಕರಡಿ, ಹುಲಿ, ಹಾವು ಎಲ್ಲ ಮಾತಾಡುತ್ತವೆ, ಆನೆಗಳು ಮಾತಾಡುವುದಿಲ್ಲ. ಈ ಕಾಡನ್ನು ಮಾಡಿದವರೇ ಅವರು, ತಲೆ ಬಾಗಿಸು ಅನ್ನುತ್ತಾನೆ ಕರಿಚಿರತೆ ಬಗೀರ. ಆಮೇಲೆ ಗುಂಡಿಗೆ ಬಿದ್ದ ಮರಿಯನ್ನು ಹುಡುಗ ಹಗ್ಗ ಕಟ್ಟಿ ಎತ್ತುತ್ತಾನೆ, ದೊಡ್ಡವು ಸುತ್ತ ನಿಂತು ನೋಡುತ್ತವೆ. ಆನೆ ಕಂದಕಕ್ಕೋ ತೋಟದ ಕೆರೆಗೋ ಮರಿ ಬಿದ್ದ ರಾತ್ರಿ ನಮ್ಮ ಕಡೆ ಹೇಗಿರುತ್ತದೆ ಅಂತ ನಿನಗೆ ಗೊತ್ತಲ್ಲ. ಬೆಳಗಾಗಿ ಅರಣ್ಯ ಇಲಾಖೆಯವರು ಜೆಸಿಬಿ ತಂದು ದಡ ಕಡಿಯುವವರೆಗೆ ತಾಯಿ ಆಚೆ ಸಾಲಿನಲ್ಲಿ ನಿಂತೇ ಇರುತ್ತದೆ, ಯಾರೂ ಲೈನ್ ಮನೆಯಿಂದ ಹೊರಗೆ ಕಾಲಿಡುವುದಿಲ್ಲ. ಆ ನಿಲ್ಲುವಿಕೆ ಪರದೆಯ ಮೇಲಿತ್ತು. ಲಾಸ್ ಏಂಜಲೀಸಿನ ಸ್ಟುಡಿಯೋದೊಳಗೆ ತೆಗೆದ ಸಿನಿಮಾ, ಕಾಡೆಲ್ಲ ಕಂಪ್ಯೂಟರಿನದ್ದು, ಆದರೂ ಇತ್ತು. ಹಳೆಯ ಕಾರ್ಟೂನ್ ಇದನ್ನು ಕೊಟ್ಟಿರಲಿಲ್ಲ. ಮತ್ತೆ ತೆಗೆದದ್ದಕ್ಕೆ ಸಾರ್ಥಕ ಅಂತ ನಾನು ಮನಸಾರೆ ಒಪ್ಪುವುದು ಇಂಥ ಕಡೆ.

ಇನ್ನು ‘ಡಂಬೊ’. 1941ರ ಮೂಲ ಚಿತ್ರ ಇರುವುದೇ 64 ನಿಮಿಷ. ಕಥೆಯ ನಾಯಕ ಮರಿಯಾನೆ ಒಂದಕ್ಷರ ಮಾತಾಡುವುದಿಲ್ಲ, ತಾಯಿ ಇಡೀ ಸಿನಿಮಾದಲ್ಲಿ ಒಮ್ಮೆ ಮರಿಯ ಹೆಸರು ಹೇಳುತ್ತದೆ, ಅಷ್ಟೇ. ತಾಯಿಯನ್ನು ಕೂಡಿಹಾಕಿದ್ದಾರೆ. ರಾತ್ರಿ ಮರಿ ಹತ್ತಿರ ಬರುತ್ತದೆ, ಕಿಟಕಿಯ ಸರಳಿನ ನಡುವಿನಿಂದ ಸೊಂಡಿಲು ಮಾತ್ರ ಹೊರಗೆ ಬರುತ್ತದೆ, ಮರಿಯನ್ನು ತಡವಿ, ಸುತ್ತಿ, ತೊಟ್ಟಿಲಿನಂತೆ ತೂಗುತ್ತದೆ. ಇದನ್ನು ಮೊದಲ ಸಲ ನೋಡಿದಾಗ ನನಗೆ ನೆನಪಾದದ್ದು ನೀನು ಮತ್ತು ನಾನು ದುಬಾರೆಯ ಆನೆ ಶಿಬಿರದಲ್ಲಿ ಕ್ರಾಲ್ (ಹಿಡಿದ ಆನೆಯನ್ನು ಪಳಗಿಸುವ ದಿಮ್ಮಿಯ ದೊಡ್ಡಿ) ಮುಂದೆ ನಿಂತ ಮಧ್ಯಾಹ್ನ. ಹೊಸದಾಗಿ ಹಿಡಿದು ತಂದ ಕಾಡಾನೆ. ಅಪ್ಪಿದರೆ ತೋಳಿಗೆ ಸಿಗದಷ್ಟು ದಪ್ಪದ ದಿಮ್ಮಿಗಳು. ಅವುಗಳ ಸಂದಿಯಿಂದ ಸೊಂಡಿಲಿನ ತುದಿ ಹೊರಬಂದು ನೆಲ ಮುಟ್ಟಿ, ಗಾಳಿ ಮೂಸಿ, ಮತ್ತೆ ಒಳಗೆ ಹೋಗುತ್ತಿತ್ತು. ನೀನು ಅದರ ಮುಖ ಕಾಣಲೆಂದು ಆಚೆ ಈಚೆ ಬಗ್ಗುತ್ತಿದ್ದೆ. ‘ಮುಖದಲ್ಲಿ ಏನೂ ಸಿಗಲ್ಲ ಮಗಾ, ಕಿವಿ ನೋಡು, ಬಾಲ ನೋಡು, ಸೊಂಡ್ಲು ನೋಡು’ ಅಂದಿದ್ದ ಅಲ್ಲಿದ್ದ ವಯಸ್ಸಾದ ಕಾವಾಡಿ, ಮಾವುತನ ಸಹಾಯಕ. ನೀನು ಗಣಿತದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಎರಡು ದಿಮ್ಮಿ, ನಡುವೆ ಆ ಸೊಂಡಿಲು ಬರೆದೆ. ಬೇರೇನೂ ಬರೆಯಲಿಲ್ಲ. ನೀನು ಚಿತ್ರಗಾರ ಆಗುತ್ತೀಯೆಂದು ನನಗೆ ಗೊತ್ತಾದದ್ದು ಆವತ್ತು.

2019ರ ಡಂಬೊದಲ್ಲಿ ಆನೆಯ ಚರ್ಮದ ಒಂದೊಂದು ಸುಕ್ಕೂ ಕಾಣುತ್ತದೆ. ಆದರೆ ಕಥೆಯನ್ನು ಮನುಷ್ಯರ ಕೈಗೆ ಕೊಟ್ಟುಬಿಟ್ಟರು. ಸರ್ಕಸ್ಸಿನವರ ಸಂಸಾರ, ಸಾಹುಕಾರ, ಅವರ ಮಾತು, ಮತ್ತೆ ಮಾತು. 64 ನಿಮಿಷ ಹಿಗ್ಗಿ ಹೆಚ್ಚುಕಡಿಮೆ ಎರಡು ಗಂಟೆಯಾಯಿತು. ಕೊನೆಗೆ ತಾಯಿಮರಿ ಕಾಡು ಸೇರುತ್ತವೆ, ಆ ಕೊನೆ ನನಗೆ ಇಷ್ಟ, ಅದಕ್ಕಾಗಿ ಅವರನ್ನು ಮೆಚ್ಚುತ್ತೇನೆ. ಆದರೂ ಆ ರಾತ್ರಿಯ ಸೊಂಡಿಲು ನನ್ನನ್ನು ಹಿಡಿದಷ್ಟು ಈ ಸಿನಿಮಾದ ಯಾವ ದೃಶ್ಯವೂ ಹಿಡಿಯಲಿಲ್ಲ.

ಲಯನ್ ಕಿಂಗ್‌ನಲ್ಲಿ ಆದದ್ದು ಇದಕ್ಕಿಂತ ಕೆಟ್ಟದ್ದು ಅನ್ನುವುದು ನನ್ನ ಅಭಿಪ್ರಾಯ, 165 ಕೋಟಿ ಡಾಲರ್ ಬಂದಿದ್ದರೂ. 1994ರ ಚಿತ್ರ ಬರೆದವರು ಜೀವಂತ ಸಿಂಹವನ್ನೇ ಸ್ಟುಡಿಯೋಕ್ಕೆ ತರಿಸಿ ಅದರ ನಡೆ, ಹೆಗಲು, ಪಂಜ ಎಲ್ಲ ನೋಡಿ ಕಲಿತವರು. ಸಿಂಹಕ್ಕೆ ಹುಬ್ಬಿಲ್ಲ ಅನ್ನುವುದು ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ಹುಬ್ಬು ಬರೆದರು, ಯಾಕೆಂದರೆ ಆ ಸಿಂಹ ಮನುಷ್ಯರ ಮಾತಾಡಬೇಕಿತ್ತು, ಅಪ್ಪನ ಹೆಣದ ಪಕ್ಕ ಮಗುವಿನ ಹಾಗೆ ಅಳಬೇಕಿತ್ತು. 2019ರಲ್ಲಿ ಹುಬ್ಬು ಅಳಿಸಿ, ಮಾತನ್ನು ಹಾಗೇ ಉಳಿಸಿಕೊಂಡರು. ದನಿಯಲ್ಲಿ ಮಗುವಿನ ಸಂಕಟ, ಮುಖ ಮಾತ್ರ ಬಿಸಿಲಿಗೆ ಮೈಚಾಚಿದ ಸಿಂಹದ್ದು. ಇಡೀ ಸಿನಿಮಾದಲ್ಲಿ ಕ್ಯಾಮೆರಾ ನಿಜವಾಗಿ ಸೆರೆಹಿಡಿದದ್ದು ಮೊದಲ ಸೂರ್ಯೋದಯ ಒಂದೇ ಅಂತ ನಿರ್ದೇಶಕ ಜಾನ್ ಫಾವ್ರೋ ತಾವೇ ತಿಳಿಸಿದ್ದರು. ಉಳಿದದ್ದೆಲ್ಲ ನಿನ್ನಂಥವರ ಬೆರಳು. ಅಂದಮೇಲೆ ಅದೂ ಅನಿಮೇಶನ್ನೇ ತಾನೆ? ಚಿತ್ರ ಬರೆದು ಬರೆದು, ಅದು ಚಿತ್ರವೆಂದು ಯಾರಿಗೂ ಗೊತ್ತಾಗದ ಹಾಗೆ ಮುಚ್ಚಿಟ್ಟಿದ್ದಾರೆ.

ನನ್ನ ತಕರಾರು ಇಲ್ಲೇ ಇರುವುದು. ಗೆರೆಯಲ್ಲಿ ಬರೆದದ್ದು ಅರ್ಧಂಬರ್ಧ, ನಿಜದಂತೆ ಕಂಡರೆ ಪೂರ್ಣ ಅನ್ನುವ ನಂಬಿಕೆ ಈ ರಿಮೇಕುಗಳ ಬುಡದಲ್ಲಿದೆ. ಸಂಪಾಜೆ ಘಾಟಿ ಹತ್ತಿ ನಮ್ಮ ಕಡೆಗೆ ಯಕ್ಷಗಾನ ಮೇಳ ಬಂದಾಗ, ಜನರ ನಡುವಿನಿಂದ ದೊಂದಿ ಹಿಡಿದು ಮಹಿಷಾಸುರ ನುಗ್ಗುತ್ತಿದ್ದನಲ್ಲ. ಕೋಡು ಮರದ್ದೋ ರಟ್ಟಿನದೋ ಅಂತ ಯಾರಾದರೂ ನೋಡಿದರಾ? ನಾವು ಅಮ್ಮಂದಿರ ಸೆರಗಿನೊಳಗೆ ಇದ್ದೆವು. ನಿಜವಾದ ಕೋಣವನ್ನೇ ರಂಗಕ್ಕೆ ತಂದರೆ ಆ ಹೆದರಿಕೆ ಹುಟ್ಟುತ್ತಿತ್ತಾ?

2025ರಲ್ಲಿ ಗೆದ್ದ ಎರಡನ್ನೂ ನೋಡು. ಸ್ಟಿಚ್ ಆ ನೀಲಿ ಬಣ್ಣ, ಆ ದೊಡ್ಡ ಕಿವಿ, ಆ ಕಾರ್ಟೂನ್ ಕಣ್ಣು ಬಿಟ್ಟುಕೊಡಲಿಲ್ಲ. ‘ಹೌ ಟು ಟ್ರೈನ್ ಯುವರ್ ಡ್ರ್ಯಾಗನ್’ ಇನ್ನೊಂದು ಕಂಪನಿಯದ್ದು, 15 ಕೋಟಿ ಡಾಲರ್ ಹಾಕಿ 63 ಕೋಟಿ ತಂದಿತು. ಅದರ ಕರಿ ಡ್ರ್ಯಾಗನ್ನಿಗೂ ಹಳೆಯ ಮುಖವೇ ಇದೆ. ಸುತ್ತ ನಿಜದ ಮನುಷ್ಯರು, ನಿಜದ ಗಾಳಿಮಳೆ, ನಡುವೆ ಆ ಬರೆದ ಕಣ್ಣು. ಅದನ್ನು ನಿರ್ದೇಶಿಸಿದ ಡೀನ್ ಡೆಬ್ಲಾ 2010ರ ಮೂಲ ಅನಿಮೇಶನ್ನಿನ ಇಬ್ಬರು ನಿರ್ದೇಶಕರಲ್ಲಿ ಒಬ್ಬರು. 2002ರ ಮೂಲ ‘ಲಿಲೋ’ವನ್ನು ನಿರ್ದೇಶಿಸಿದ್ದೂ ಆ ಇಬ್ಬರೇ. ಯಾವ ಗೆರೆ ಅಳಿಸಿದರೆ ಜೀವ ಹೋಗುತ್ತದೆ ಅನ್ನುವುದು ಆ ಗೆರೆ ಎಳೆದವರಿಗೆ ಗೊತ್ತಿರುತ್ತದೆ.

ಹಾಗಾಗಿ ನಿನ್ನ ತಂಡದವರನ್ನು ಮೊದಲು ಇದನ್ನೇ ಕೇಳು: ಪ್ರಾಣಿ ಮಾತಾಡುತ್ತದೆಯಾ? ಮಾತಾಡುವುದಾದರೆ ಮುಖಕ್ಕೆ ಎಷ್ಟು ಸ್ವಾತಂತ್ರ್ಯ ಕೊಡುತ್ತಾರೆ? ಮಾತಾಡುವುದಿಲ್ಲ ಅಂದರೆ ಕಿವಿ, ಬಾಲ, ಸೊಂಡಿಲಿಗೆ ಸಮಯ ಕೊಡುತ್ತಾರಾ? ಎರಡಕ್ಕೂ ಉತ್ತರ ಇಲ್ಲದಿದ್ದರೆ, ಸಿನಿಮಾ ಎಷ್ಟೇ ಗಳಿಸಲಿ, ಎರಡು ವರ್ಷ ನೀನು ಕೂದಲೆಳೆ ಎಣಿಸುತ್ತ ಕೂರಬೇಕಾಗುತ್ತದೆ.

ಇನ್ನೊಂದು ಮಾತು, ಇದನ್ನು ಅಣ್ಣನ ಥರ ಹೇಳುತ್ತಿದ್ದೇನೆ. ಲಾಭ ಅಂದರೆ ಯಾರ ಲಾಭ? ಜಂಗಲ್ ಬುಕ್‌ನ ಬಹುಪಾಲು ಪ್ರಾಣಿಗಳನ್ನು ಮಾಡಿದ್ದು ಎಂಪಿಸಿ ಸ್ಟುಡಿಯೋ, ಅದರಲ್ಲಿ ಬೆಂಗಳೂರಿನವರ ದುಡಿಮೆಯೂ ಇತ್ತು. ಆ ಸಿನಿಮಾಕ್ಕೆ ವಿಶುವಲ್ ಎಫೆಕ್ಟ್ಸ್‌ನ ಆಸ್ಕರ್ ಬಂತು. ಲಯನ್ ಕಿಂಗ್ ಮಾಡಿದ್ದೂ ಅವರೇ. 2025ರ ಫೆಬ್ರವರಿಯಲ್ಲಿ ಅದರ ಮಾತೃಸಂಸ್ಥೆ ಟೆಕ್ನಿಕಲರ್ ಕುಸಿಯಿತು, ಬೆಂಗಳೂರಿನಲ್ಲೂ ಬಾಗಿಲು ಮುಚ್ಚಿತು. ಅದಕ್ಕೂ ಹಿಂದೆ, 2013ರಲ್ಲಿ, ‘ಲೈಫ್ ಆಫ್ ಪೈ’ನ ಹುಲಿಯನ್ನು ಮಾಡಿ ಆಸ್ಕರ್ ಗೆದ್ದ ರಿದಮ್ ಆ್ಯಂಡ್ ಹ್ಯೂಸ್, ಪ್ರಶಸ್ತಿ ಬರುವ ಮೊದಲೇ ದಿವಾಳಿ ಅರ್ಜಿ ಹಾಕಿತ್ತು. ಇಂಥ ಕೆಲಸವನ್ನು ಸಾಮಾನ್ಯವಾಗಿ ಮೊದಲೇ ಮೊತ್ತ ಗೊತ್ತುಮಾಡಿ ಗುತ್ತಿಗೆ ಹಿಡಿಯುತ್ತಾರೆ ಅಂತ ನೀನೇ ಹೇಳಿದ್ದೆಯಲ್ಲ. ನಡುವೆ ನಿರ್ದೇಶಕ ಮನಸ್ಸು ಬದಲಿಸಿ ಮತ್ತೆ ಮಾಡಿ ಅಂದರೆ ಆ ರಾತ್ರಿಗಳ ಖರ್ಚು ಬಹುಪಾಲು ಮಾಡುವವರ ತಲೆಗೇ. ಸಿನಿಮಾ ಸಾವಿರ ಕೋಟಿ ಗಳಿಸಿದರೂ ಅದರಲ್ಲಿ ಒಂದು ಕಾಸು ಇತ್ತ ಬರುವುದಿಲ್ಲ. ಸಂಬಳ ಯಾವ ತಾರೀಕಿಗೆ, ಹೆಚ್ಚುವರಿ ಗಂಟೆಗೆ ಏನು, ಕೆಲಸ ನಡುವೆ ನಿಂತರೆ ಏನು, ಎಲ್ಲವನ್ನೂ ಕಾಗದದಲ್ಲಿ ಬರೆಸಿಕೋ. ನಾಚಿಕೊಳ್ಳಬೇಡ.

2025ರಲ್ಲಿ ‘ಮಹಾವತಾರ ನರಸಿಂಹ’ ಬಂದಾಗ ನಾವೆಲ್ಲ ಒಟ್ಟಿಗೆ ಹೋಗಿದ್ದೆವು. ಹೊಂಬಾಳೆಯವರು ಅರ್ಪಿಸಿದ ಅನಿಮೇಶನ್ ಚಿತ್ರ, ಕನ್ನಡದಲ್ಲೇ ಇತ್ತು. ಗಳಿಕೆ 300 ಕೋಟಿ ರೂಪಾಯಿ ಮೀರಿತು. ನನ್ನ ಪಕ್ಕ ಕೂತಿದ್ದ ಅಜ್ಜಿ ಕಂಬ ಒಡೆಯುವಾಗ ಕೈ ಮುಗಿದರು. ಇದು ಕಾರ್ಟೂನು, ಮಕ್ಕಳದ್ದು ಅಂತ ಅವರಿಗೆ ಅನ್ನಿಸಲೇ ಇಲ್ಲ. ಈ ಸಲ ಮಗಳ ಕಿವಿಯಲ್ಲಿ ನಾನು ಏನೂ ಹೇಳಬೇಕಾಗಿರಲಿಲ್ಲ. ನಿನ್ನ ಕೈಗೆ ಇಂಥ ಕೆಲಸ ಸಿಗಲಿ ಅಂತ ಆಸೆ, ಆದರೆ ಆಸೆಯಿಂದ ಬೆಂಗಳೂರಿನ ಬಾಡಿಗೆ ಕಟ್ಟಲಾಗುವುದಿಲ್ಲ ಅನ್ನುವುದೂ ಗೊತ್ತು.

ಆ ಗಣಿತದ ನೋಟ್‌ಬುಕ್ಕಿನ ಹಾಳೆ ನನ್ನ ಹತ್ತಿರವೇ ಇದೆ. ಅಟ್ಟದಲ್ಲಿಟ್ಟರೆ ಈ ಮಳೆಗೆ ಬೂಷ್ಟು ಹಿಡಿಯುತ್ತದೆಂದು ಅಡುಗೆಮನೆಯಲ್ಲಿ, ಒಲೆಯ ಮೇಲಿನ ಹಲಗೆಯಲ್ಲಿ ಇಟ್ಟಿದ್ದೇನೆ. ಸ್ವಲ್ಪ ಹೊಗೆ ಬಣ್ಣ ಬಂದಿದೆ, ಗೆರೆ ಹಾಗೇ ಇದೆ. ಈಗ ಕಾವೇರಿ ತುಂಬಿ ದುಬಾರೆಯಲ್ಲಿ ದೋಣಿ ಬಿಡುತ್ತಿಲ್ಲ. ನೀರು ಇಳಿದ ಮೇಲೆ ಒಂದು ಶನಿವಾರ ಕುಶಾಲನಗರದವರೆಗೆ ಬಸ್ಸಿನಲ್ಲಿ ಬಾ, ಅಲ್ಲಿಂದ ನಾನು ಜೀಪಿನಲ್ಲಿ ಕರೆತರುತ್ತೇನೆ. ಬೆಳಿಗ್ಗೆ ಆನೆ ಮೀಯಿಸುವ ಹೊತ್ತಿಗೆ ಹೊಳೆ ದಾಟೋಣ. ಪೆನ್ಸಿಲ್ ತರಲು ಮರೆಯಬೇಡ, ಮಗಳೂ ಈಗ ಬರೆಯುತ್ತಾಳೆ.

ನಿನ್ನ
ತೋಟದ ಗೆಳೆಯ