ಬೋಟಿನ ಬಾಗಿಲು ಯಾಕೆ ಮುಚ್ಚುವುದಿಲ್ಲ ಅಂದ್ರೆ

ದೋಸ್ತ,

ಮೆಸೇಜ್ ಕಳಿಸಿದರೆ ನೀಲಿ ಗೆರೆ ತೋರಿಸಿ ಸುಮ್ಮನಾಗುತ್ತೀಯ. ಅದಕ್ಕೇ ಈ ಸಲ ನಾಲ್ಕು ಜನ ನೋಡುವ ಜಾಗದಲ್ಲಿ ಬರೆಯುತ್ತಿದ್ದೇನೆ. ಮರ್ಯಾದೆಗಾದರೂ ಉತ್ತರ ಕೊಡುತ್ತೀಯ ಅಂತ.

ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ, ಬೋಟುಗಳನ್ನು ಕಟ್ಟಿ ನಿಲ್ಲಿಸುವ ಮರೀನಾದಲ್ಲಿ, ನಾನು ವಾಸ ಮಾಡುವ ಬೋಟಿನೊಳಗೆ ನೀನು, ಬಾಗಲಕೋಟೆಯ ನವನಗರದಲ್ಲಿ ಕಟ್ಟೆಯ ಮೇಲೆ ನಾನು. ಮೂರು ವಾರದ ಕಾವಲು, ಅಷ್ಟೇ.

ನೀರು ಏರಿಳಿಯುವಾಗ ಹಗ್ಗ ಸಡಿಲ ಬಿಡಬೇಕಾ, ಕೋಣೆಯ ಬಾಗಿಲು ಯಾಕೆ ಮುಚ್ಚುವುದಿಲ್ಲ ಅಂತ ಕೇಳಿದ್ದೆಯಲ್ಲ, ಅದಕ್ಕೆ ಉತ್ತರ. ಹಗ್ಗ ಸಡಿಲ ಬಿಡಬೇಡ. ನಾವು ಬೋಟು ಕಟ್ಟಿರುವ ಪೊಂಟೂನ್ ಕಟ್ಟೆಯೂ ತೇಲುವಂಥದ್ದು, ನೀರು ಏರಿದರೆ ಅದೂ ಏರುತ್ತದೆ. ಹಿಂದೆ ಪ್ರೊಪೆಲ್ಲರ್ ತಿರುಗಿಸುವ ದಂಡ, ಅಂದರೆ ಶಾಫ್ಟ್ ಹತ್ತಿರ ಹನಿ ಬೀಳುವುದಕ್ಕೆ ಗಾಬರಿಯಾಗಬೇಡ. ಶಾಫ್ಟ್ ತಿರುಗುವಾಗ ಅಲ್ಲಿ ಹನಿ ಬೀಳಲೇಬೇಕು, ಇಲ್ಲದಿದ್ದರೆ ಬಿಸಿಯಾಗುತ್ತದೆ. ನಿಂತ ಮೇಲೂ ಜಾಸ್ತಿ ಬೀಳುತ್ತಿದ್ದರೆ ಫೋನ್ ಮಾಡು. ತಳದ ವಾಲ್ವುಗಳನ್ನು ವಾರಕ್ಕೊಮ್ಮೆ ಮುಚ್ಚಿ ತೆರೆ, ಹಾಗೇ ಬಿಟ್ಟರೆ ತಿರುಗದ ಹಾಗೆ ಬಿಗಿದುಕೊಳ್ಳುತ್ತವೆ. ಪ್ರತಿ ವಾಲ್ವಿನ ಪಕ್ಕ ದಾರ ಕಟ್ಟಿ ನೇತುಹಾಕಿದ ಮರದ ಬಿರಡೆ ಅಲಂಕಾರಕ್ಕಲ್ಲ. ಪೈಪು ಕಳಚಿ ವಾಲ್ವೂ ಕೈಕೊಟ್ಟರೆ ತೂತಿಗೆ ಅದನ್ನೇ ಬಡಿಯಬೇಕು. ಅವ್ವ ಕಟ್ಟಿಕೊಟ್ಟ ಕಟಕ ರೊಟ್ಟಿ ಉಳಿದಿದ್ದರೆ ತೇವ ಹೀರುವ ಮಷೀನಿನ ಹತ್ತಿರ ಇಡು. ಬೇರೆ ಎಲ್ಲಿಟ್ಟರೂ ಎರಡು ದಿನಕ್ಕೆ ಮೆತ್ತಗಾಗಿ ಕರವಸ್ತ್ರದ ಹಾಗೆ ಮಡಚಬಹುದು.

ಅವ್ವ ಅಂದಾಗ ನೆನಪಾಯಿತು. ಟೈಟಾನಿಕ್ 1912ರಲ್ಲಿ ಹೊರಟದ್ದು ಇದೇ ಸೌತಾಂಪ್ಟನ್ನಿನಿಂದ ಅಂತ ಅವಳಿಗೆ ಯಾರೋ ಹೇಳಿಬಿಟ್ಟಿದ್ದಾರೆ. ಆ ಯಾರೋ ವಿಜಯಪುರದವನು ಅಂತಲೂ ಗೊತ್ತಾಗಿದೆ. ನಿಮ್ಮ ಕಡೆಯವರಿಗೆ ನೀರಿನ ಬೆಲೆ ಗೊತ್ತು, ನೀರಿನ ಭಯ ಗೊತ್ತಿಲ್ಲ.

ಅಪ್ಪ ಈಗಲೂ ಬೆಳಿಗ್ಗೆ ಪೇಪರಿನಲ್ಲಿ ಮೊದಲು ನೋಡುವುದು ಆಲಮಟ್ಟಿ ಅಣೆಕಟ್ಟಿನ ನೀರಿನ ಮಟ್ಟ. ತುಂಬಿದರೆ 519.60 ಮೀಟರ್. ನಾನು ಅಲ್ಲಿ ಎದ್ದ ತಕ್ಷಣ ನೋಡುವುದು ಉಬ್ಬರ ಇಳಿತದ ಪಟ್ಟಿ. ಮೊನ್ನೆ ಚಹಾ ಕುಡಿಯುತ್ತಾ ಕೇಳಿದರು: "ನಿಮ್ಮಲ್ಲಿ ನೀರು ಎಷ್ಟು ಏರತೈತಿ?" ದೊಡ್ಡ ಉಬ್ಬರ ಇದ್ದರೆ ಸುಮಾರು ನಾಲ್ಕು ಮೀಟರ್, ದಿನಕ್ಕೆರಡು ಸಲ ಅಂದೆ. ಅಪ್ಪ ಪೇಪರ್ ಮಡಚಿದರು. ಇಲ್ಲಿ ಅಣೆಕಟ್ಟನ್ನು 524.256 ಮೀಟರಿಗೆ ಎತ್ತರಿಸಲು ಕೃಷ್ಣಾ ನೀರಿನ ನ್ಯಾಯಮಂಡಳಿ 2010ರಲ್ಲೇ ಒಪ್ಪಿದೆ. ಆ ನಾಲ್ಕೂವರೆ ಮೀಟರ್ ಚಿಲ್ಲರೆಯ ಮೇಲೆ ನಮ್ಮ ಜಿಲ್ಲೆಯಲ್ಲಿ ಎಷ್ಟು ಮಾತು, ಎಷ್ಟು ಅರ್ಜಿ!

"ಹಂಗಾದ್ರ ಪರಿಹಾರ ಯಾರಿಗೆ ಕೊಡ್ತಾರ?"

"ಯಾರಿಗೂ ಇಲ್ಲಪ್ಪ. ನೀರಿನ ಕೂಡ ಮನೀನೂ ಏರತೈತಿ."

ಅಪ್ಪ ನಗಲಿಲ್ಲ. "ಅಂಥಾ ಮನಿ ಐತಿ ಅಂತ ನಮಗ ಯಾರೂ ಹೇಳಲಿಲ್ಲ ನೋಡು" ಅಂದರು.

ಅವತ್ತೇ ಸಂಜೆ ಹಳೇ ಊರಿಗೆ ಕರೆದುಕೊಂಡು ಹೋದರು. ಘಟಪ್ರಭೆಯಲ್ಲಿ ಆಲಮಟ್ಟಿಯ ಹಿನ್ನೀರು ತುಂಬಿ ನಿಂತಿದೆ. ಛತ್ರಿ ಚಾಚಿ ನೀರಿನೊಳಗೆ ತೋರಿಸಿದರು: ಅದು ಪಡಸಾಲೆ, ಅದರ ಹಿಂದೆ ಅಡುಗೆಮನೆ. ಒಂದು ಬೆಳ್ಳಕ್ಕಿ ಸರಿಯಾಗಿ ಅಡುಗೆಮನೆಯ ಮೇಲೆ ಹಾರಿ ಹೋಯಿತು.

ಬಾಡಿಗೆ ಉಳಿಸಲು ಬೋಟಿನಲ್ಲಿದ್ದೇನೆ ಅಂತ ನಿನಗೂ ಹೇಳಿದ್ದೆ, ಆಫೀಸಿನವರಿಗೂ ಹೇಳಿದ್ದೆ. ಮರೀನಾದ ಬಾಡಿಗೆ, ವರ್ಷ ವರ್ಷ ತಳಕ್ಕೆ ಬಣ್ಣ, ಲೋಹದ ಭಾಗಗಳನ್ನು ಕಾಯಲು ತಾನೇ ಸವೆದುಹೋಗುವ ಜಿಂಕ್ ತುಂಡು, ಕ್ರೇನಿನಲ್ಲಿ ಎತ್ತಿಸುವ ಖರ್ಚು ಎಲ್ಲ ಕೂಡಿಸಿದರೆ ಎಷ್ಟು ಉಳಿಯುತ್ತದೆ ಅಂತ ಲೆಕ್ಕ ಹಾಕಿದವನು ನಾನೇ. ಮುಳುಗಡೆ ಊರಿನ ಹುಡುಗ ತೇಲುವ ಮನೆ ಕೊಂಡ ಅಂದರೆ ಕಥೆ ಬರೆಯುವವರಿಗೆ ಚೆನ್ನಾಗಿರುತ್ತದೆ. ನನಗೆ ನಾಚಿಕೆಯಾಗುತ್ತದೆ. ಆದರೆ ರಾತ್ರಿ ಮೂರು ಸಲ ಎದ್ದು, ನೆಲದ ಹಲಗೆ ಎತ್ತಿ, ತಳದಲ್ಲಿ ನೀರಿದೆಯಾ ಅಂತ ಟಾರ್ಚ್ ಬಿಟ್ಟು ನೋಡುತ್ತೇನೆ. ಇದು ಬೋಟಿನ ಮೇಂಟೆನೆನ್ಸ್ ಅಲ್ಲ ಅಂತ ನನಗೂ ಗೊತ್ತು.

ಇನ್ನು ಬಾಗಿಲಿನ ವಿಷಯ. ಹೋದ ಜನವರಿಯಲ್ಲಿ ಸಿಂಕಿನ ಪೈಪಿನ ಕ್ಲಿಪ್ ತುಕ್ಕು ಹಿಡಿದು ಪೈಪು ಕಳಚಿತು. ತಳದ ನೀರು ಹೊರಹಾಕುವ ಪಂಪಿನ ಸ್ವಿಚ್ಚಿಗೆ ಬಟ್ಟೆ ತುಂಡು ಸಿಕ್ಕಿಕೊಂಡಿತ್ತು. ಮಂಚದಿಂದ ಕಾಲಿಳಿಸಿದರೆ ಹರಡಿನವರೆಗೆ ತಣ್ಣೀರು. ಎರಡು ಹೆಜ್ಜೆ ಹೋಗಿ ವಾಲ್ವ್ ಮುಚ್ಚಬೇಕಿತ್ತು. ನಾನು ಮಾಡಿದ್ದೇನು ಗೊತ್ತಾ? ಸ್ಕ್ರೂಡ್ರೈವರ್ ತಗೊಂಡು ಕೋಣೆಯ ಬಾಗಿಲು ಬಿಚ್ಚಲು ಶುರು ಮಾಡಿದೆ.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ, ಊರು ಮುಳುಗುವ ಮೊದಲು, ಅಪ್ಪ, ಕಾಕಾ ಸೇರಿ ಹಳೇ ಮನೆಯ ಬಾಗಿಲು, ಕಿಟಕಿ, ತೊಲೆ ಎಲ್ಲ ಕಿತ್ತು ಟ್ರ್ಯಾಕ್ಟರಿಗೆ ಹೇರಿದ್ದರು. ಮೊಳೆ ಹೆಕ್ಕಿ ಡಬ್ಬಿಗೆ ಹಾಕುವ ಕೆಲಸ ನನ್ನದು. ಆ ಬಾಗಿಲು ಈಗ ಇಲ್ಲಿ ನವನಗರದ ಸೆಕ್ಟರಿನ ಮನೆಯಲ್ಲಿದೆ. ಗಿಡ್ಡ ಚೌಕಟ್ಟು, ನಾನು ದಿನಾ ಹಣೆ ಬಡಿದುಕೊಳ್ಳುತ್ತೇನೆ.

ಮೂರು ಸ್ಕ್ರೂ ಬಿಚ್ಚಿದ ಮೇಲೆ ಎಚ್ಚರವಾಯಿತು. ವಾಲ್ವ್ ಮುಚ್ಚಿ, ಕೈಪಂಪಿನಲ್ಲಿ ನೀರು ಹೊರಹಾಕಿ, ಬೆಳಿಗ್ಗೆ ಆಫೀಸಿಗೆ ಹೋದೆ. ಯಾರಿಗೂ ಹೇಳಲಿಲ್ಲ. ಈಗ ಊರಿಗೆಲ್ಲ ಹೇಳಿದ ಹಾಗಾಯಿತು, ಅಲ್ವಾ? ಓದುತ್ತಿರುವ ಉಳಿದವರೇ, ದಯವಿಟ್ಟು ಇದನ್ನು ನಮ್ಮ ಫ್ಯಾಮಿಲಿ ಗ್ರೂಪಿಗೆ ಹಾಕಬೇಡಿ. ಅವ್ವ ಟೈಟಾನಿಕ್ಕನ್ನೇ ಇನ್ನೂ ಅರಗಿಸಿಕೊಂಡಿಲ್ಲ.

ದೋಸ್ತ, ಬಾಗಿಲು ನೀನೇ ಕೂಡಿಸುವುದಾದರೆ ಕೂಡಿಸು. ಎರಡು ಸ್ಕ್ರೂ ಮೇಲಿನ ಡ್ರಾಯರಿನಲ್ಲಿವೆ. ಮೂರನೆಯದು ಚಹಾಪುಡಿ ಡಬ್ಬಿಯೊಳಗೆ ಬಿದ್ದಿದೆ ಅಂತ ನನ್ನ ಗುಮಾನಿ. ಸೋಸಿ ಕುಡಿ.