ಮಳೆಗಾಲದಿಂದ ನಮ್ಮ ರೈಲು ಬುತ್ತಿಯಲ್ಲಿ ಗೋಳಿಬಜೆ ಇಲ್ಲ, ಮೂಡೆ ಉಂಟು

ಪ್ರೀತಿಯ ಗ್ರಾಹಕರಿಗೆ,

ಉಡುಪಿಯ ಇಂದ್ರಾಳಿಯಲ್ಲಿರುವ ನಮ್ಮ ಸಹಕಾರಿ ಅಡುಗೆಮನೆಯ ಸದಸ್ಯೆಯರೆಲ್ಲರ ನಮಸ್ಕಾರ.

ಈ ಪತ್ರ ಮುಖ್ಯವಾಗಿ, ರೈಲು ನೋಡಲಿಕ್ಕೆಂದೇ ರೈಲು ಹತ್ತುವ ನಿಮಗೆ. ಕೊಂಕಣ ರೈಲ್ವೆಯ ಮಳೆಗಾಲದ ವೇಳಾಪಟ್ಟಿ ಜಾರಿಗೆ ಬರುವ ದಿನದಿಂದ ನಮ್ಮ ರೈಲು ಬುತ್ತಿ ಬದಲಾಗುತ್ತದೆ. ಎಣ್ಣೆಯಲ್ಲಿ ಕರಿದ ಗೋಳಿಬಜೆ, ಹಸಿ ಕಾಯಿಚಟ್ನಿ ಎರಡೂ ಇನ್ನು ಬುತ್ತಿಯಲ್ಲಿ ಇರುವುದಿಲ್ಲ. ಆ ಜಾಗಕ್ಕೆ ಎರಡು ಮೂಡೆ (ಎಲೆಯ ಕೊಟ್ಟೆಯಲ್ಲಿ ಹಬೆಗೆ ಬೇಯಿಸಿದ ಕಡುಬು), ತೆಂಗಿನೆಣ್ಣೆಯಲ್ಲಿ ಕಲಸಿದ ಚಟ್ನಿಪುಡಿ, ಒಂದು ಬಾಳೆಹಣ್ಣಿನ ಬನ್ಸ್, ಸ್ವಲ್ಪ ಮಿಡಿ ಉಪ್ಪಿನಕಾಯಿ. ಬೆಲೆ 80 ರೂಪಾಯಿ ಇದ್ದದ್ದು 100 ಆಗುತ್ತದೆ. ಬೇಕಾದವರು ಹಿಂದಿನ ದಿನ ಮಧ್ಯಾಹ್ನ 12ರೊಳಗೆ ಹೇಳಿರಬೇಕು. ಮಳೆ ಮುಗಿದ ಮೇಲೂ ಇದೇ ಕ್ರಮ ಮುಂದುವರಿಯುತ್ತದೆ. ಕಾರಣವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇವೆ, ಏಕೆಂದರೆ ಈ ಬುತ್ತಿ ಶುರುವಾದದ್ದೇ ನಿಮ್ಮ ಒತ್ತಾಯದಿಂದ.

ನಿಮ್ಮಲ್ಲಿ ಹೆಚ್ಚಿನವರು ಬೆಂಗಳೂರು ಕಡೆಯವರು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಘಾಟಿಯ 57 ಸುರಂಗಗಳನ್ನು ಎಣಿಸಿಕೊಂಡು ಮಂಗಳೂರು ಜಂಕ್ಷನ್‌ನಲ್ಲಿ ಇಳಿಯುತ್ತೀರಿ. ಮರುದಿನ ಉಡುಪಿಯಿಂದ ಕಾರವಾರದ ಕಡೆಗೋ ಮಡಗಾಂವಿಗೋ ಹೊರಡುತ್ತೀರಿ. ಇಲ್ಲಿಗೆ ಬಂದರೆ ಮೊದಲು ಕೇಳುವುದು, "ಅಕ್ಕ, ಈ ಊರಿನದೇ ಅಂತ ಏನುಂಟು?" ಪಲಾವ್ ಬೇಡ, ಪೂರಿ ಬೇಡ. ಎಂಜಿನ್ ನಂಬರ್ ಬರೆದುಕೊಳ್ಳುವ ಪುಸ್ತಕದಲ್ಲೇ ಪತ್ರೊಡೆಗೆ ಯಾವ ಎಲೆ ಅಂತ ಬರೆದುಕೊಂಡವರೂ ಇದ್ದಾರೆ. ಮೈಸೂರು ದಾರಿಯಲ್ಲಿ ಮದ್ದೂರು ಎಂದರೆ ವಡೆ. ಹಾಗೆ ಉಡುಪಿ ಸ್ಟೇಷನ್ನಿಗೂ ಒಂದು ತಿಂಡಿ ಬೇಕು ಎಂದವರು ನೀವೇ. ಆ ಮಾತನ್ನು ನಾವು ಮನಸ್ಸಿಗೆ ಹಚ್ಚಿಕೊಂಡೆವು.

ಗೋಳಿಬಜೆ ನಮ್ಮೂರಿನದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಬಾಣಲೆಯ ಪಕ್ಕ ನಿಂತು ತಿನ್ನುವ ತಿಂಡಿ. ಹುಳಿ ಮೊಸರಿನಲ್ಲಿ ಕಲಸಿದ ಮೈದಾ ಎಣ್ಣೆಗೆ ಬಿದ್ದು ಉಬ್ಬಿ, ಹೊರಗೆ ಗರಿಗರಿ, ಒಳಗೆ ಹಗುರ ಇರುವುದು ಸ್ವಲ್ಪವೇ ಹೊತ್ತು. ಪೊಟ್ಟಣ ಕಟ್ಟಿದರೆ ತನ್ನದೇ ಹಬೆಗೆ ಬೆವರಿ, ಮುಂದಿನ ಸ್ಟೇಷನ್ ಬಾರ್ಕೂರು ದಾಟುವುದರೊಳಗೆ ಮೆತ್ತಗಾಗಿ ಎಣ್ಣೆ ಬಿಡುತ್ತದೆ. ಹಸಿ ಕಾಯಿಚಟ್ನಿಯಂತೂ ನಮ್ಮ ಸೆಕೆಗೆ ಹೆಚ್ಚು ಹೊತ್ತು ತಡೆಯುವುದೇ ಇಲ್ಲ.

ಮಳೆಗಾಲದಲ್ಲಿ ಇದು ಇನ್ನೂ ಕಷ್ಟ. ಗುಡ್ಡ ಕಡಿದು ಮಾಡಿದ ದಾರಿಯಲ್ಲಿ ಕಲ್ಲುಮಣ್ಣು ಜಾರುವ ಭಯವಿರುವುದರಿಂದ ಆ ತಿಂಗಳುಗಳಲ್ಲಿ ರೈಲುಗಳ ವೇಗ ಇಳಿಸುತ್ತಾರೆ. ಜೋರು ಮಳೆಗೆ ಮುಂದಿನದು ಸರಿಯಾಗಿ ಕಾಣದಿದ್ದರೆ ಗಂಟೆಗೆ 40 ಕಿ.ಮೀ. ಮೀರಬಾರದೆಂದು ಲೋಕೊ ಪೈಲಟರಿಗೆ ಸೂಚನೆಯಿದೆ. ಅದು ಆಗಬೇಕಾದ್ದೇ. ಹಾಗಾಗಿ ನೀವು ಬುತ್ತಿ ಬಿಚ್ಚುವ ಹೊತ್ತೂ ಮುಂದೆ ಹೋಗುತ್ತದೆ. ನಿಮ್ಮಲ್ಲಿ ಹಲವರು ಹೊನ್ನಾವರದ ಶರಾವತಿ ಸೇತುವೆ ದಾಟುವ ತನಕ ಊಟಕ್ಕೆ ಕೈ ಹಾಕುವುದಿಲ್ಲ ಎಂದು ಗೊತ್ತು. ಎರಡು ಕಿಲೋಮೀಟರಿಗೂ ಉದ್ದದ ಸೇತುವೆ, ಕೆಳಗೆ ತುಂಬಿದ ಹೊಳೆ; ಆಗ ತಿಂಡಿಯ ನೆನಪು ಯಾರಿಗೆ? ಅಷ್ಟು ಹೊತ್ತಿನ ಮೇಲೆ ಬಿಚ್ಚಿದರೂ ರುಚಿಯಾಗಿರುವುದನ್ನು ಕೊಡುವುದು ನಮ್ಮ ಕೆಲಸ.

ಅದಕ್ಕೆ ಮೂಡೆಯಷ್ಟು ಒಳ್ಳೆಯದು ನಮ್ಮ ಅಡುಗೆಯಲ್ಲಿ ಬೇರೆ ಇಲ್ಲ. ರೈಲು ಈ ಕಡೆ ಬಂದದ್ದು ತಡವಾಗಿ. ಕೊಂಕಣ ಮಾರ್ಗದಲ್ಲಿ ಎಲ್ಲಕ್ಕಿಂತ ಮೊದಲು ರೈಲು ಓಡಿದ್ದು ಮಂಗಳೂರು–ಉಡುಪಿ ನಡುವೆ, 1993ರಲ್ಲಿ. ಮಹಾರಾಷ್ಟ್ರದ ರೋಹಾದಿಂದ ಮಂಗಳೂರು ಬಳಿಯ ತೋಕೂರಿನವರೆಗೆ ಪೂರ್ತಿ ದಾರಿ ತೆರೆದದ್ದು 1998ರ ಜನವರಿ 26ರಂದು. ಅದಕ್ಕೂ ಮೊದಲು ಬೊಂಬಾಯಿ ಬಸ್ಸು ಹತ್ತುವವರಿಗೆ ನಮ್ಮ ಹಿರಿಯ ಸದಸ್ಯೆಯರ ಮನೆಗಳಲ್ಲಿ ಕಟ್ಟಿಕೊಡುತ್ತಿದ್ದದ್ದು ಮೂಡೆಯನ್ನೇ.

ಮೂಡೆ ಕಟ್ಟುವುದನ್ನು ನೋಡದವರಿಗಾಗಿ ಹೇಳುತ್ತೇವೆ. ಕೇದಗೆ ಜಾತಿಯ ಮುಂಡೇವಿನ ಎಲೆಯ ಎರಡೂ ಅಂಚಿನಲ್ಲಿ, ನಡುವಿನ ದಂಟಿನ ಬೆನ್ನಿನಲ್ಲಿ ಮುಳ್ಳು. ಮೊದಲು ಕತ್ತಿಯಲ್ಲಿ ಅದನ್ನು ಸೀಳಿ ತೆಗೆಯಬೇಕು. ಆಮೇಲೆ ಎಲೆಯನ್ನು ಬೆಂಕಿಗೆ ಹಿಡಿದು ಬಾಡಿಸಿದರೆ ಬಗ್ಗುತ್ತದೆ, ಇಲ್ಲದಿದ್ದರೆ ಸೀಳುತ್ತದೆ. ಬಾಡಿದ ಎಲೆಯನ್ನು ಸುತ್ತಿ ಸುತ್ತಿ ಉದ್ದ ಲೋಟದ ಆಕಾರಕ್ಕೆ ತಂದು ಕಡ್ಡಿ ಚುಚ್ಚುತ್ತೇವೆ. ಉದ್ದು, ಅಕ್ಕಿತರಿಯ ಹಿಟ್ಟನ್ನು ಅದರಲ್ಲಿ ಹೊಯ್ದು ಹಬೆಯಲ್ಲಿ ಬೇಯಿಸುವುದು. ಬೆಂದ ಎಲೆಯ ಪರಿಮಳ ಹಿಟ್ಟಿಗೆ ಇಳಿಯುತ್ತದೆ, ಎಲೆ ಬಿಚ್ಚುವ ತನಕ ಒಳಗೆ ಒಣಗುವುದಿಲ್ಲ. ಬೆಳಿಗ್ಗೆ ಬೇಯಿಸಿದ್ದು ರಾತ್ರಿಗೂ ಮೆತ್ತಗೇ ಇರುತ್ತದೆ. ತಟ್ಟೆ ಬೇಡ, ಚಮಚ ಬೇಡ. ಎಲೆಯನ್ನು ಸುತ್ತು ಸುತ್ತಾಗಿ ಬಿಚ್ಚುತ್ತಾ ತಿನ್ನಬಹುದು. ಪ್ಲಾಸ್ಟಿಕ್ ಡಬ್ಬಿಯ ಖರ್ಚೂ ತಪ್ಪುತ್ತದೆ.

20 ರೂಪಾಯಿ ಹೆಚ್ಚಿಸಿದ್ದು ಈ ಎಲೆ ಕಟ್ಟುವ ಕೈಗಳಿಗಾಗಿ. ಹಿಂದಿನ ದಿನವೇ ಹೇಳಬೇಕೆನ್ನುವುದು ಹಿಟ್ಟಿಗಾಗಿ: ಮಳೆಯ ಥಂಡಿಗೆ ಹಿಟ್ಟು ಹುಳಿ ಬರುವುದು ನಿಧಾನ, ಬೇಸಗೆಯ ಲೆಕ್ಕಕ್ಕೆ ಅರೆದರೆ ಬೆಳಿಗ್ಗೆ ಉಬ್ಬಿರುವುದಿಲ್ಲ. ಅಷ್ಟಮಿ, ಚೌತಿಯ ಹೊತ್ತಿಗೆ ಉಡುಪಿಯ ಮನೆಮನೆಗೂ ಮೂಡೆ ಎಲೆ ಬೇಕಾಗುವುದರಿಂದ ಪೇಟೆಯಲ್ಲಿ ಸಿಗುವುದು ಕಷ್ಟ. ಆ ದಿನಗಳಲ್ಲಿ ಹಲಸಿನ ಎಲೆಯ ಕೊಟ್ಟೆಕಡುಬು ಕೊಡುತ್ತೇವೆ, ಬೆಲೆ ಅದೇ.

ಗೋಳಿಬಜೆಯನ್ನು ಬಿಡಲಾರದವರು ರೈಲಿಗೆ ಅರ್ಧ ಗಂಟೆ ಮೊದಲೇ ಬನ್ನಿ. ನಮ್ಮ ಬೆಂಚಿನಲ್ಲಿ ಕೂತು, ಎಣ್ಣೆಯಿಂದ ತೆಗೆದದ್ದನ್ನು ಕಾಯಿಚಟ್ನಿಯಲ್ಲಿ ಅದ್ದಿ ತಿನ್ನಿ, ಮೇಲೆ ಒಂದು ಲೋಟ ಕಾಫಿ ಕುಡಿಯಿರಿ. ಅದರ ರುಚಿ ತಿಳಿಯುವುದು ಹಾಗೆಯೇ.

ಪತ್ರೊಡೆ ಇನ್ನು ಮಳೆಗಾಲದಲ್ಲಿ ಮಾತ್ರ. ಆಟಿಯಲ್ಲಿ (ತುಳುವಿನ ಮಳೆಗಾಲದ ತಿಂಗಳು) ಸಿಗುವ ಮರಕೆಸುವಿನ ಎಲೆಯ ರುಚಿ ಬೇರೆಯೇ. ಹುಣಸೆಹುಳಿ ಸಾಕಷ್ಟು ಹಾಕಿದರೆ ಕೆಸುವಿನ ತುರಿಕೆಯ ಭಯವಿಲ್ಲ. ಅರೆದ ಹಿಟ್ಟು ಸವರಿ ಸುತ್ತಿದ ಎಲೆಯ ಸುರುಳಿಯನ್ನು ಬೇಯಿಸಿ, ಬಿಲ್ಲೆಯಾಗಿ ಕೊಯ್ದು, ಕಾವಲಿಯಲ್ಲಿ ಎರಡೂ ಬದಿ ಕೆಂಪಗೆ ಕಾಯಿಸಿದ್ದು ಪ್ರಯಾಣಕ್ಕೆ ಚೆನ್ನಾಗಿ ಒಗ್ಗುತ್ತದೆ. ಬೇಕಾದವರು ಬುತ್ತಿಯ ಜೊತೆ ಬೇರೆಯಾಗಿ ಕೇಳಿ ಪಡೆಯಿರಿ.

ಸುರತ್ಕಲ್ಲಿಗೆ ಹೋಗಿ ರೋ-ರೋ ಗಾಡಿಗೆ ಕಾಯುವವರಿಗೆ ಬನ್ಸ್ ಮಾತ್ರದ ಪೊಟ್ಟಣ ಮೊದಲಿನಂತೆಯೇ ಸಿಗುತ್ತದೆ. ಲಾರಿಗಳನ್ನು ಹೊತ್ತ ಆ ಉದ್ದದ ಗಾಡಿಯನ್ನು ನೋಡಲು ಎಷ್ಟು ಹೊತ್ತು ನಿಲ್ಲಬೇಕೋ ಯಾರಿಗೆ ಗೊತ್ತು! ಬಾಳೆಹಣ್ಣಿನ ಬನ್ಸ್ ಮರುದಿನವೂ ಮೆತ್ತಗಿರುತ್ತದೆ, ಸಿಹಿ ಇನ್ನೂ ಚೆನ್ನಾಗಿ ಇಳಿದಿರುತ್ತದೆ.

ಕುಡಿಯಲು ಪುನರ್ಪುಳಿ (ಕೋಕಂ) ಇದ್ದೇ ಇದೆ. ಬೇಸಗೆಯಲ್ಲಿ ಹಣ್ಣಿನದು, ಮಳೆ ಹಿಡಿದ ಮೇಲೆ ಒಣಗಿಸಿಟ್ಟ ಸಿಪ್ಪೆಯದು. ಬಣ್ಣ ಸ್ವಲ್ಪ ಕಡಿಮೆ, ಹುಳಿ ಹೆಚ್ಚು. ಇದೇ ಹಣ್ಣು ಗೋವಾ, ರತ್ನಾಗಿರಿಯ ಕಡೆ ತೆಂಗಿನ ಹಾಲು ಸೇರಿ ಸೋಲ್‌ಕಢಿ ಆಗುತ್ತದೆ. ಮಡಗಾಂವಿನಲ್ಲಿ ಇಳಿಯುವವರು ಎರಡನ್ನೂ ಒಂದೇ ದಿನ ಕುಡಿದು ನೋಡಿ, ನಿಮ್ಮಂಥವರಿಗೆ ಅದೊಂದು ಸಂತೋಷ. ನಾವು ಇನ್ನು ಬಾಟಲಿ ಕೊಡುವುದಿಲ್ಲ, ನಿಮ್ಮ ಬಾಟಲಿಗೆ ತುಂಬಿಸಿ ಕೊಡುತ್ತೇವೆ.

ಬೋಗಿಯ ಬಾಗಿಲಿಗೆ ಬುತ್ತಿ ತಂದುಕೊಡಿ ಎಂದು ಕೆಲವರು ಕೇಳುತ್ತಿದ್ದೀರಿ. ಪರವಾನಗಿ ಇಲ್ಲದೆ ನಿಲ್ದಾಣದೊಳಗೆ ಮಾರುವುದು 1989ರ ರೈಲ್ವೆ ಕಾಯ್ದೆಯ 144ನೇ ಕಲಂ ಪ್ರಕಾರ ಅಪರಾಧ. ಆದ್ದರಿಂದ ಉಡುಪಿಯಲ್ಲಿ ಹತ್ತುವವರು ಅಡುಗೆಮನೆಗೇ ಬಂದು ತೆಗೆದುಕೊಳ್ಳಬೇಕು. ಬೆಳಿಗ್ಗೆ 6ಕ್ಕೆ ಬಾಗಿಲು ತೆರೆದಿರುತ್ತದೆ. ರೈಲು ತಡವೆಂದು ಗೊತ್ತಾದರೆ ಒಂದು ಫೋನ್ ಮಾಡಿ, ಬುತ್ತಿಯನ್ನು ಹಬೆಪಾತ್ರೆಯಲ್ಲೇ ಬಿಸಿಯಾಗಿ ಇಟ್ಟಿರುತ್ತೇವೆ.

ತಿಂದ ಮೇಲೆ, ಎಲೆಯೇ ಆದರೂ, ಕಿಟಕಿಯಿಂದ ಎಸೆಯದೆ ಬೋಗಿಯ ಕಸದ ಡಬ್ಬಿಗೆ ಹಾಕಿ. ಮೂಡೆಯಲ್ಲಿ ಚುಚ್ಚಿದ ಕಡ್ಡಿಯನ್ನು ಮೊದಲೇ ತೆಗೆದಿಡಿ, ಜೊತೆಗೆ ಮಕ್ಕಳಿದ್ದರೆ ಜಾಗ್ರತೆ.

ಇತಿ,
ಸದಸ್ಯೆಯರೆಲ್ಲರ ಪರವಾಗಿ,
ಕಾರ್ಯದರ್ಶಿ
ಇಂದ್ರಾಳಿ, ಉಡುಪಿ